ತೀಯಾ ಕಸಿಲ್ದಾಳ ಕಲ್ಲುತೋಟ

ಮೊದಲೇ ಆಣೆ ಇಟ್ಟುಬಿಡುತ್ತೇನೆ. ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳಾದರೆ ನನ್ನ ಈ ಮೀಸೆ, ಮೂರು ತಾಲ್ಲೂಕಿನಲ್ಲಿ ಹೆಸರು ಮಾಡಿದ ಮೀಸೆ, ನಾಳೆ ಬೆಳಗಾಗುವುದರೊಳಗೆ ಉದುರಿ ಹೋಗಲಿ. ಇನ್ನು ಕೇಳಿ.

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನೂ ಹುಟ್ಟಲು ಮನಸ್ಸು ಮಾಡಿರದ ಕಾಲದಲ್ಲಿ, ಸ್ಪೇನ್ ದೇಶದ ನಟ್ಟನಡುವೆ ತೊರ್ರೆಸೇಕಾ ಎಂಬ ಒಂದೂರಿತ್ತಂತೆ. ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಅಂತ ಆ ಸೀಮೆಯವರೇ ತಮ್ಮ ಸೀಮೆಯನ್ನು ಹೊಗಳಿಕೊಳ್ಳುತ್ತಿದ್ದರಂತೆ. ಅಂಥಲ್ಲಿ ಬೆಳೆಯುವುದು ಎರಡೇ: ದ್ರಾಕ್ಷಿ ಮತ್ತು ಹಟ. ಆ ಊರಲ್ಲಿ ಕಸಿಲ್ದಾ ಎಂಬ ವಿಧವೆ ಮುದುಕಿಯ ಬಳಿ ಎರಡೂ ಇದ್ದವಂತೆ.

ಊರವರು ಅವಳನ್ನು ತೀಯಾ ಕಸಿಲ್ದಾ ಅನ್ನುತ್ತಿದ್ದರು. ತೀಯಾ ಅಂದರೆ ಅತ್ತೆ. ವಯಸ್ಸಾದ ಹೆಂಗಸು ಅಲ್ಲಿ ಊರಿಗೆಲ್ಲ ಅತ್ತೆಯೇ. ಅವಳದು ಗುಡ್ಡದ ಇಳಿಜಾರಿನಲ್ಲಿ ಒಂದು ತುಂಡು ತೋಟ. ಗಂಡ ನೆಟ್ಟು ಹೋದ ಮುದಿ ಬಳ್ಳಿಗಳು. ಹಂದರವಿಲ್ಲ, ಚಪ್ಪರವಿಲ್ಲ, ಒಂದೊಂದು ಬಳ್ಳಿಯೂ ಮೊಣಕಾಲೆತ್ತರಕ್ಕೆ ಸೊಟ್ಟಗೆ ನಿಂತ ಮುದುಕನ ಹಾಗೆ. ಹದಿನಾಲ್ಕು ಬುಟ್ಟಿ ಹಣ್ಣು ಬಂದರೆ ಅದೇ ಸುಗ್ಗಿ. ಆದರೆ ಆ ಹಣ್ಣು! ಕಸಿಲ್ದಾ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡರೆ ಅದು ಯಾವ ಸಾಲಿನದು, ಯಾವ ಬಳ್ಳಿಯದು, ಹಿಂದಿನ ದಿನ ಅದರ ಮೇಲೆ ಯಾವ ಹಕ್ಕಿ ಕೂತಿತ್ತು, ಆ ಹಕ್ಕಿಗೆ ಮದುವೆಯಾಗಿದೆಯೋ ಇಲ್ಲವೋ, ಅಷ್ಟನ್ನೂ ಹೇಳುತ್ತಿದ್ದಳಂತೆ.

ಅವಳಿಗಿದ್ದ ದುಃಖ ಒಂದೇ. ಊರಿಗೆಲ್ಲ ಒಂದೇ ತೊಟ್ಟಿ. ಅದು ಜಮೀನ್ದಾರ ದೋನ್ ಫಾದ್ರಿಕೆಯದು. ಯಾರ ತೋಟದ ಹಣ್ಣಾದರೂ ಆ ತೊಟ್ಟಿಗೇ ಬೀಳಬೇಕು, ಅಲ್ಲೇ ತುಳಿಯಬೇಕು. ತಗ್ಗಿನ ಹೊಲದ ನೀರುನೀರು ಹಣ್ಣೂ ಅದರೊಳಗೆ, ಕಸಿಲ್ದಾಳ ಹಣ್ಣೂ ಅದರೊಳಗೆ. ಕೊನೆಗೆ ಬರುವ ವೈನು ಹೇಗಿರುತ್ತಿತ್ತೆಂದರೆ, ಕುಡಿದವನು ಮತ್ತೇರುವ ಮೊದಲೇ ಪಶ್ಚಾತ್ತಾಪ ಪಡುತ್ತಿದ್ದನಂತೆ. ಪ್ರತಿವರ್ಷ ಅವಳು ಧಣಿಯ ಮುಂದೆ ನಿಂತು, ಒಂದು ಸಲ ನನ್ನ ತೋಟದ ರಸ ಬೇರೆ ಇಡಿ, ಸಾಯುವ ಮೊದಲು ಅದರ ರುಚಿ ಏನು ಅಂತ ನೋಡಬೇಕು ಅನ್ನುತ್ತಿದ್ದಳಂತೆ. ಪ್ರತಿವರ್ಷ ಧಣಿ ನಗುತ್ತಿದ್ದನಂತೆ.

ಒಂದು ವರ್ಷ ಧಣಿಗೆ ನಗುವುದೂ ಬೇಸರವಾಯಿತು. ಇಡೀ ಊರಿನ ಎದುರು, ಚರ್ಚಿನ ಬಾಗಿಲ ಮೇಲೆ ಕೈಯಿಟ್ಟು ಮಾತು ಕೊಟ್ಟನಂತೆ: ಮುಂದಿನ ಕೊಯ್ಲಿನಲ್ಲಿ ಊರಿನ ಬೇರೆ ಯಾವ ತೋಟಕ್ಕಿಂತಲೂ ಒಂದೇ ಒಂದು ಬುಟ್ಟಿ ಹೆಚ್ಚು ತಂದರೆ ಅವಳ ರಸ ಎಂದೆಂದಿಗೂ ಅವಳದು. ತರದಿದ್ದರೆ ಆ ಮುದಿ ಬಳ್ಳಿಗಳನ್ನು ಕೀಳಿಸಿ ಕುರಿ ಬಿಡುತ್ತೇನೆ. ಪಕ್ಕದ ಹೊಲದ ಸಿಪ್ರಿಯಾನೋ ಒಬ್ಬನೇ ಇನ್ನೂರು ಬುಟ್ಟಿ ಬೆಳೆಯುತ್ತಿದ್ದ. ಹದಿನಾಲ್ಕೆಲ್ಲಿ, ಇನ್ನೂರೆಲ್ಲಿ? ಕಸಿಲ್ದಾ ಮಾತ್ರ ಲಂಗಕ್ಕೆ ಕೈ ಒರೆಸಿಕೊಂಡು, ಆಗಲಿ ಅಂದಳಂತೆ.

ಈಗ ಆ ಊರಿನ ಒಂದು ಹುಚ್ಚು ಹೇಳಬೇಕು. ತೊರ್ರೆಸೇಕಾದಲ್ಲಿ ಕಲ್ಲಿಲ್ಲದ ಹೊಲವೇ ಮರ್ಯಾದೆಯ ಹೊಲ. ಚಳಿಗಾಲದ ಉಳುಮೆಯಲ್ಲಿ ಮೇಲೆದ್ದ ಕಲ್ಲನ್ನೆಲ್ಲ ಆರಿಸಿ, ಮಣ್ಣನ್ನು ಜರಡಿ ಹಿಡಿದ ಹಿಟ್ಟಿನ ಹಾಗೆ ಮಾಡಿ, ನಿನ್ನ ಹೊಲದಲ್ಲಿ ಎಷ್ಟು ಕಲ್ಲು ಅಂತ ಒಬ್ಬರನ್ನೊಬ್ಬರು ಕೆಣಕುತ್ತಿದ್ದರಂತೆ. ಹೆಣ್ಣು ನೋಡಲು ಬಂದವರೂ ಮೊದಲು ಹೊಲ ನೋಡುತ್ತಿದ್ದರಂತೆ. ಆ ಚಳಿಗಾಲ ಸಿಪ್ರಿಯಾನೋ ತನ್ನ ಕಲ್ಲನ್ನೆಲ್ಲ ಬಿಳಿ ಕತ್ತೆಯ ಮೇಲೆ ಹೇರಿ ಕಸಿಲ್ದಾಳ ತೋಟದಲ್ಲಿ ಸುರಿದನಂತೆ. ಹೇಗೂ ಕುರಿ ಮೇಯುವ ಜಾಗ ಅಲ್ಲವೇ.

ಜಗಳ ನೋಡಲು ಊರು ಬೇಲಿಗೆ ಬಂದು ನಿಂತಿತು. ಕಸಿಲ್ದಾ ಬಂದಳು, ಕಲ್ಲು ನೋಡಿದಳು.

"ಇಷ್ಟೇನಾ?" ಅಂದಳಂತೆ.

"ಸಾಲದೇ ತೀಯಾ?" ಅಂದ ಸಿಪ್ರಿಯಾನೋ.

"ನಿನ್ನ ಗಂಡಸುತನ ಇಷ್ಟಕ್ಕೇ ಮುಗಿಯಿತೇನೋ ಅಂತ ಕೇಳಿದೆ. ನಾಳೆಯೂ ತಾ. ಉಳಿದವರೂ ತನ್ನಿ."

ಮುದುಕಿಗೆ ತಲೆ ಕೆಟ್ಟಿತು ಅಂತ ಊರು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ನಕ್ಕುಕೊಂಡೇ ಹೊತ್ತು ತಂದಿತು. ತಂದರಂತೆ, ಸುರಿದರಂತೆ, ಮತ್ತೆ ತಂದರಂತೆ. ಆ ವರ್ಷ ಊರಿನ ಹೊಲಗಳಲ್ಲಿ ಹಲ್ಲಿಗೆ ಸಿಕ್ಕುವಷ್ಟು ಕಲ್ಲೂ ಉಳಿಯಲಿಲ್ಲ. ಕಸಿಲ್ದಾ ಒಬ್ಬಳೇ ಕೂತು ಒಂದೊಂದು ಬಳ್ಳಿಯ ಬುಡದ ಸುತ್ತಲೂ ಆ ಕಲ್ಲನ್ನು ಕೈಯಿಂದ ಹಾಸಿದಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಅವಳಿಗೆ ಮಂಡಿನೋವು. ಹಗಲೆಲ್ಲ ಬಿಸಿಲು ಕುಡಿದ ಕಲ್ಲು ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಬೆಚ್ಚಗೇ ಇರುತ್ತದೆ; ಅದಕ್ಕೆ ಮಂಡಿ ಒತ್ತಿ ಕೂತರೆ ನೋವು ಇಳಿಯುತ್ತದೆ. ನನ್ನ ಮಂಡಿಗೆ ಹಿತವಾದದ್ದು ಬಳ್ಳಿಗೆ ಯಾಕೆ ಆಗಬಾರದು, ಅದಕ್ಕೂ ವಯಸ್ಸಾಗಿಲ್ಲವೇ ಅಂತ ಅವಳ ಲೆಕ್ಕಾಚಾರ.

ಮೇ ತಿಂಗಳ ನಡುವೆ ರೈತರ ಸಂತ ಇಸಿದ್ರೋನ ಹಬ್ಬ. ಹಬ್ಬದ ಬೆಳಿಗ್ಗೆ ಊರು ಬಾಗಿಲು ತೆರೆದರೆ ಹೊಲವೆಲ್ಲ ಬೆಳ್ಳಗೆ. ಅಂಥ ಹಿಮ ಅದಕ್ಕೆ ಮುಂಚೆ ಬಿದ್ದಿರಲಿಲ್ಲ, ಆಮೇಲೂ ಬೀಳಲಿಲ್ಲವಂತೆ. ಕೋಳಿ ಕೂಗಿದರೆ ಆ ಕೂಗು ಗಾಳಿಯಲ್ಲೇ ಹೆಪ್ಪುಗಟ್ಟಿ, ಮಧ್ಯಾಹ್ನ ಬಿಸಿಲೇರಿದ ಮೇಲೆ ಕೇಳಿಸಿತಂತೆ. ಬಿಸಿಲು ಬಂದಾಗ ಹಿಟ್ಟಿನಂಥ ಮಣ್ಣಿನ ಹೊಲಗಳಲ್ಲಿ ಎಳೆ ಚಿಗುರೆಲ್ಲ ಸುಟ್ಟ ಬತ್ತಿಯ ಹಾಗೆ ಕಪ್ಪು. ತಲೆಯೆತ್ತಿ ನೋಡಿದರೆ ಗುಡ್ಡದ ಮೇಲೆ ಒಂದು ತುಂಡು ಹಸಿರು.

ಇನ್ನು ಕಸಿಲ್ದಾ ಗೆದ್ದಳು, ಕಥೆ ಮುಗಿಯಿತು ಅಂದುಕೊಂಡಿರಾ? ಮುಗಿಯಲಿಲ್ಲ. ಹದಿನೈದು ದಿನಕ್ಕೆ ಚಿಗುರು ಸುಟ್ಟ ಬಳ್ಳಿಗಳ ಗೆಣ್ಣಿನಲ್ಲಿ ಎರಡನೆಯ ಚಿಗುರು ಮೂಡಿತು. ಮತ್ತೆ ಬಡಗಣ ಗಾಳಿ ತಿರುಗಿತು. ಸಿಪ್ರಿಯಾನೋ ಟೋಪಿ ತೊಡೆಯ ಮೇಲಿಟ್ಟುಕೊಂಡು ಬದುವಿನಲ್ಲಿ ಕೂತಿದ್ದನಂತೆ. ಈ ಚಿಗುರೂ ಹೋದರೆ ವರ್ಷವಿಡೀ ಮನೆಗೆ ಗಂಜಿಯೂ ಇಲ್ಲ. ಕಸಿಲ್ದಾ ಅವನನ್ನು ನೋಡಿದಳು, ಗಾಳಿಯನ್ನು ಮೂಸಿದಳು.

"ಏನೋ, ಕತ್ತೆ ಎಲ್ಲಿ?"

"ಯಾಕೆ ತೀಯಾ?"

"ನಿನ್ನ ಕಲ್ಲು ನೀನು ತೆಗೆದುಕೊಂಡು ಹೋಗು. ಬುಡಕ್ಕೆ ಹಾಸು, ಬೇಗ."

ನಾನು ಹೆಚ್ಚು ಬೆಳೆದರೆ ನೀನು ಸೋಲುತ್ತೀಯಲ್ಲ ಅಂದನಂತೆ. ಚಳಿಗೆ ನಮ್ಮ ಪಂದ್ಯ ಗೊತ್ತಿಲ್ಲ, ಏಳು ಅಂದಳಂತೆ. ಕೆಳಗಿನ ಎರಡು ಸಾಲಿನ ಕಲ್ಲು ಅವನ ಹೊಲಕ್ಕೆ ಹೋಯಿತು. ಆ ರಾತ್ರಿ ಮತ್ತೆ ಬಿದ್ದ ಹಿಮದಲ್ಲಿ ಅವನ ಚಿಗುರು ಒಂದಿಷ್ಟು ಉಳಿಯಿತು. ಕಲ್ಲು ಕೊಟ್ಟ ಅವಳ ಆ ಎರಡು ಸಾಲು ಕಮರಿದವು.

ಕೊಯ್ಲಿನ ದಿನ ಬಂತು. ಧಣಿ ತೊಟ್ಟಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತ. ಒಬ್ಬನದು ಮೂರು ಬುಟ್ಟಿ, ಒಬ್ಬನದು ಐದು, ಒಬ್ಬನದು ಏಳು. ಕಸಿಲ್ದಾಳದು ಹನ್ನೊಂದು. ಊರು ಉಸಿರು ಬಿಟ್ಟಿತು. ಕೊನೆಗೆ ಸಿಪ್ರಿಯಾನೋ ಬಂದ. ಇಳಿಸಿದ, ಇಳಿಸಿದ, ಇಳಿಸಿದ. ಹನ್ನೊಂದು.

ಧಣಿ ಮೀಸೆ ತಿರುವಿದನಂತೆ. (ನನ್ನದರ ಮುಂದೆ ಅದೇನು ಮೀಸೆ, ಇರಲಿ.) ಸಮ ಅಂದರೆ ಹೆಚ್ಚಲ್ಲ, ನಾಳೆ ಗುದ್ದಲಿ ಬರುತ್ತವೆ ಅಂದನಂತೆ. ಕಸಿಲ್ದಾ ಗುಡ್ಡದ ಕಡೆ ತಿರುಗಿ ನಿಂತಳು.

ಆಗ ಸಿಪ್ರಿಯಾನೋ ತನ್ನ ಕೊನೆಯ ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ, ತಂದು, ತನ್ನ ಬಿಳಿ ಕತ್ತೆಯ ಮುಂದಿಟ್ಟ. ಕತ್ತೆಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ತೊಟ್ಟು ಸಮೇತ ತಿಂದು, ಬುಟ್ಟಿಯ ಅಂಚನ್ನೂ ಒಂದಿಷ್ಟು ಕಡಿಯಿತಂತೆ.

"ಎಣಿಕೆ ತಪ್ಪಿತು ಧಣಿ," ಅಂದ ಸಿಪ್ರಿಯಾನೋ. "ನನ್ನದು ಹತ್ತೇ."

"ಹನ್ನೊಂದನೆಯದು ನನ್ನ ಕಣ್ಣೆದುರೇ ಇತ್ತಲ್ಲೋ."

"ಇತ್ತು. ಈಗ ಕತ್ತೆಯ ಹೊಟ್ಟೆಯಲ್ಲಿದೆ. ಬೇಕಾದರೆ ಕತ್ತೆಯನ್ನೇ ತೊಟ್ಟಿಗೆ ಇಳಿಸಿ ತುಳಿಸಿ."

ಚರ್ಚಿನ ಪಾದ್ರಿಯೇ ಮೊದಲು ನಕ್ಕನಂತೆ. ಆಮೇಲೆ ಊರಿಗೆ ಊರೇ ನಕ್ಕಿತು. ಚರ್ಚಿನ ಬಾಗಿಲು ಮುಟ್ಟಿ ಕೊಟ್ಟ ಮಾತು. ಧಣಿ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕುರ್ಚಿ ಎತ್ತಿಸಿಕೊಂಡು ನಡೆದ.

ಕಸಿಲ್ದಾ ಲಂಗ ಎತ್ತಿ ಕಟ್ಟಿ, ತನ್ನ ಮನೆಯಂಗಳದಲ್ಲಿ, ತನ್ನ ಕಾಲಿನಿಂದ ತನ್ನ ಹಣ್ಣನ್ನು ತುಳಿದಳು. ರಸವನ್ನು ಆಳೆತ್ತರದ ಮಣ್ಣಿನ ಗುಡಾಣಕ್ಕೆ ತುಂಬಿ ಬಾಯಿ ಕಟ್ಟಿದಳು. ಮುಂದಿನ ವಸಂತದಲ್ಲಿ ತೆರೆದಾಗ ಅದರ ಪರಿಮಳ ಏಳು ಊರು ದಾಟಿತಂತೆ. ಎಂಟನೆಯ ಊರಿನವರು ತಮಗೆ ಬರಲಿಲ್ಲವೆಂದು ಇವತ್ತಿಗೂ ಮುನಿಸಿಕೊಂಡಿದ್ದಾರಂತೆ. ಮೊದಲ ಬಟ್ಟಲು ಅವಳೇ ಕುಡಿದಳು. ಬಿಸಿಲು ಕುಡಿದ ಕಲ್ಲಿನ ರುಚಿ, ಗುಡ್ಡದ ಕಾಡುಸೊಪ್ಪಿನ ಘಮ, ಕೊನೆಯಲ್ಲಿ ಒಂದು ಚೂರು ಒಗರು. ಕಣ್ಣು ಮುಚ್ಚಿಕೊಂಡು, ಹೌದು, ಇದು ಅವರೇ ನೆಟ್ಟ ಬಳ್ಳಿ ಅಂದಳಂತೆ. ಧಣಿಯೂ ಒಂದು ದಿನ ಬಂದು ಬಾಗಿಲಲ್ಲಿ ನಿಂತು, ಹೂಜಿ ಹಿಡಿದು ಬೇಡಿದನಂತೆ. ಕೊಟ್ಟಳು. ಯಾವುದರ ಜೊತೆಗೂ ಬೆರೆಸಬೇಡಿ ಅಂತ ಮಾತ್ರ ಬೆರಳೆತ್ತಿ ಹೇಳಿದಳಂತೆ.

ಇವತ್ತಿಗೂ ತೊರ್ರೆಸೇಕಾದಲ್ಲಿ ಆ ಒಂದು ತೋಟದ ರಸ ಬೇರೆಯೇ. ಅದನ್ನು ಇನ್ನೊಂದರ ಜೊತೆ ಬೆರೆಸಿದವನಿಗೆ ಊರಲ್ಲಿ ಹೆಣ್ಣು ಕೊಡುವುದಿಲ್ಲವಂತೆ. ಕೊಯ್ಲಿನ ದಿನ ಪ್ರತಿಯೊಂದು ಮನೆಯವರೂ ತಮ್ಮ ಕೊನೆಯ ಬುಟ್ಟಿಯನ್ನು ತೊಟ್ಟಿಗೆ ಸುರಿಯದೆ ಕತ್ತೆಗೆ ಇಟ್ಟು, ತೀಯಾ ಕಸಿಲ್ದಾ ಗೆದ್ದಳು ಅನ್ನುತ್ತಾರಂತೆ. ಆ ದಿನ ಕತ್ತೆಯ ಮೇಲೆ ಯಾರೂ ಭಾರ ಹೇರುವುದಿಲ್ಲವಂತೆ.

ಆಣೆ ಇಟ್ಟು ಹೇಳಿದ ಕಥೆ, ಅದಕ್ಕೇ ಇದೊಂದನ್ನು ಒಪ್ಪಿಕೊಳ್ಳುತ್ತೇನೆ. ಸಿಪ್ರಿಯಾನೋನ ಕತ್ತೆ ಬಿಳಿಯದು ಅಂದೆನಲ್ಲ, ಅದು ಯಾವ ಬಣ್ಣದ್ದಿತ್ತೋ ಯಾರಿಗೂ ಗೊತ್ತಿಲ್ಲ. ಕತ್ತೆ ಆ ಊರಿನವರದೇ. ಬಣ್ಣ ಮಾತ್ರ ನಾನು ಬಳಿದದ್ದು.