ನಾನೂರು ಹಳ್ಳಿಯ ಆಟ

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಒಂದು ರೂಢಿ ಇತ್ತು. ಅಲ್ಲಿ ಓದಿ ಹೋದ ಶಿಷ್ಯರು ಏನೇ ಹೊಸದು ಮಾಡಲಿ, ಜನಕ್ಕೆ ಕೊಡುವ ಮೊದಲು ಗುರುಗಳ ಕೈಗೆ ಕೊಡಬೇಕು. ಗುರುಗಳು ಹೊಗಳುವುದಿಲ್ಲ, ತೆಗಳುವುದೂ ಇಲ್ಲ. ಒಂದು ದಿನ ಬಳಸುತ್ತಾರೆ, ಅಷ್ಟೆ.

ಹಿಂದೊಬ್ಬ ಕಂಬಳಿ ನೇಯ್ದು ತಂದಿದ್ದ. ಕಡುಬೇಸಿಗೆ. ಗುರುಗಳು ಇಡೀ ದಿನ ಅದನ್ನು ಹೊದ್ದುಕೊಂಡೇ ಕೂತರು. ನೋಡುವವರಿಗೇ ಬೆವರು ಬಂತು.

ಮೃತ್ಯುಂಜಯ ತಂದದ್ದು ವಿಡಿಯೊ ಗೇಮ್.

ಅವನ ಮೊದಲ ಆಟ ಮನೆಮಾತಾಗಿತ್ತು. ಒಂದು ಕೋಟೆ, ಒಬ್ಬ ರಾಕ್ಷಸ, ಕತ್ತಿ ಹಿಡಿದ ಒಬ್ಬ ವೀರ. ಅಷ್ಟಕ್ಕೇ ಜನ ಹುಚ್ಚೆದ್ದು ಆಡಿದ್ದರು. ಇದು ಅದರ ಎರಡನೆಯ ಭಾಗ. ಕೋಟೆಯ ಬದಲು ಒಂದು ರಾಜ್ಯವೇ ಇತ್ತು, ವೀರ ಎತ್ತ ಬೇಕಾದರೂ ಹೋಗಬಹುದಿತ್ತು.

ನಾಲ್ಕು ವರ್ಷ ತಿದ್ದಿ ತಿದ್ದಿ, ಆಟ ಚೆನ್ನಾಗಿದೆಯೋ ಇಲ್ಲವೋ ಎಂಬುದೇ ಅವನಿಗೆ ತಿಳಿಯದಾಗಿತ್ತು. ಅಂದು ಹೊತ್ತು ಮುಳುಗುವುದರೊಳಗೆ ಜೊತೆಗಾರ್ತಿ ಕಮಲಾಕ್ಷಿಗೆ ಹೂಂ ಅಂದರೆ ನಾಳೆ ಅದು ಜನರ ಕೈಯಲ್ಲಿ. ಉಹೂಂ ಅಂದರೆ ಇನ್ನೊಂದು ವರ್ಷದ ದುಡಿಮೆ. ಆ ದುಡಿಮೆಗೆ ಅವರಲ್ಲಿ ಯಾರಿಗೂ ತ್ರಾಣ ಉಳಿದಿರಲಿಲ್ಲ.

"ಎರಡು ಪಟ್ಟಿ ಮಾಡೀನ್ರಿ ಅಜ್ಜಾರ," ಅಂದ. ಮಠದಲ್ಲಿ ಗುರುಗಳನ್ನು ಎಲ್ಲರೂ ಕರೆಯುವುದೇ ಹಾಗೆ. "ಒಂದರಾಗ ಚಲೋ ಇದ್ದದ್ದು, ಒಂದರಾಗ ಕೆಟ್ಟದ್ದು."

"ಓದು."

"ಚಲೋ ಅಂದ್ರ, ನಾನೂರು ಹಳ್ಳಿ ಅದಾವ್ರಿ. ನೂರಾ ಹನ್ನೆರಡು ನಮೂನಿ ಕತ್ತಿ. ಹೊಳಿ ಖರೇನ ಹರದಂಗ ಹರೀತೈತಿ."

"ಕೆಟ್ಟದ್ದು?"

"ಆಟದಾಗಿನ ಮಂದಿ ಹೇಳಿದ್ದನ್ನ ಹೇಳತಾರ್ರಿ. ಕುದುರಿ ಒಮ್ಮೊಮ್ಮೆ ಗ್ವಾಡ್ಯಾಗ ಸಿಕ್ಕೊಂತೈತಿ. ಇನ್ನೂ ಹದಿನೆಂಟು ಅದಾವ..."

"ಸಾಕು," ಅಂದು ಅಜ್ಜಾರು ಕಂಟ್ರೋಲರ್‌ಗೆ ಕೈ ಚಾಚಿದರು.

ಅವರ ವೀರ ಮೊದಲ ಒಂದು ತಾಸು ಆಟದ ಹೊಳೆಯಲ್ಲಿ ನಿಂತ. ಸುಮ್ಮನೆ ನಿಂತ. ಮೃತ್ಯುಂಜಯನ ಜೀವ ಒಳಗೊಳಗೇ ಚಡಪಡಿಸಿತು.

"ಅಜ್ಜಾರ, ರಾಕ್ಷಸ ಆ ಗುಡ್ಡದ ಕಡೆ ಅದಾನ್ರಿ."

"ಇರ್ಲಿ ಬಿಡು. ಅವನೂ ಉಂಡು ಸುಧಾರಿಸ್ಕೊಳ್ಲಿ."

ಮಧ್ಯಾಹ್ನದ ಹೊತ್ತಿಗೆ ವೀರ ನೀರಿನಿಂದ ಎದ್ದು ಒಂದು ಹಳ್ಳಿಗೆ ಬಂದ. ಮೊದಲ ಮನೆಯ ಮುಂದೆ ನಿಂತ. ಅಜ್ಜಾರು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿ ನೋಡಿದರು.

"ಕದ ಯಾಕ ತೆರೀವಲ್ದು?"

"ಅದು ಬರೇ ಚಿತ್ರರಿ. ಒಳಗ ಏನೂ ಇಲ್ಲ."

"ಬಾಜೂ ಮನಿ?"

"ಅದೂ ಅಷ್ಟರಿ."

"ನಾನೂರು ಹಳ್ಳ್ಯಾಗೂ?"

"ಅರಮನಿ ಕದ ಒಂದು ತೆರೀತೈತ್ರಿ."

"ಇದು ನಿನ್ನ ಯಾವ ಪಟ್ಟ್ಯಾಗ ಐತಿ?"

ಮೃತ್ಯುಂಜಯ ಎರಡೂ ಪಟ್ಟಿಗಳ ಮೇಲೆ ಕಣ್ಣಾಡಿಸಿದ. ಯಾವುದರಲ್ಲೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಒಂದು ದಿನವೂ ಅವನು ತನ್ನದೇ ಹಳ್ಳಿಯ ಒಂದು ಕದ ತಟ್ಟಿರಲಿಲ್ಲ. ಪೆನ್ನು ತೆಗೆದು ಎರಡನೆಯ ಪಟ್ಟಿಯ ಕೊನೆಗೆ ಬರೆದುಕೊಂಡ.

ಅಜ್ಜಾರು ಬೈಯಲಿಲ್ಲ. ವೀರನನ್ನು ಅದೇ ಕದದ ಮುಂದೆ ನಿಲ್ಲಿಸಿ ಕಾದರು. ಮನೆಯವರು ಹಿತ್ತಲಲ್ಲಿರಬಹುದು, ಬರುತ್ತಾರೆ ಎಂಬಂತೆ ಕಾದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮೃತ್ಯುಂಜಯನಿಗೆ.

ಅಷ್ಟರಲ್ಲಿ ಆಟದೊಳಗೆ ಮೇಲಿನಿಂದ ಟಕಟಕ ಸದ್ದು ಕೇಳಿತು. ಅಜ್ಜಾರು ವೀರನ ನೋಟವನ್ನು ಮೇಲಕ್ಕೆ ತಿರುಗಿಸಿದರು. ಮಾಳಿಗೆಯ ಮೇಲೆ ಗಡ್ಡದ ಹೋತವೊಂದು ನಿಂತಿತ್ತು.

"ಇವನ್ಯಾರು?"

"ಅದು ತಪ್ಪುರಿ ಅಜ್ಜಾರ. ಹೋತ ಮ್ಯಾಲ ಹತ್ತಬಾರದು, ಕೆಳಗ ಮೇಯಬೇಕು. ಕಮಲಾಕ್ಷಿ ತಿದ್ದಾಕ ಹತ್ಯಾಳ."

"ಮತ್ತ ಯಾಕ ಹತ್ತೇತಿ?"

"ಗೊತ್ತಿಲ್ರಿ."

ಆ ದಿನದಲ್ಲಿ ಮೊದಲ ಸಲ ಅಜ್ಜಾರು ಶಿಷ್ಯನ ಮುಖ ನೋಡಿದರು. "ಮಾಡಿದಾವ ನೀನು. ನಿನಗೂ ಗೊತ್ತಿಲ್ಲ?"

"ಇಲ್ರಿ."

"ಭಾರಿ ಐತಲ್ಲೋ!" ಅಂದು ಅಜ್ಜಾರು ತಾವು ಕೂತ ಮಣೆಯನ್ನು ಮುಂದಕ್ಕೆಳೆದುಕೊಂಡರು.

ಹೋತ ಮಾಳಿಗೆಯಿಂದ ಮಾಳಿಗೆಗೆ ನಡೆಯಿತು. ವೀರ ಕೆಳಗೆ ಓಣಿಯಿಂದ ಓಣಿಗೆ ಅದರ ಬೆನ್ನು ಹತ್ತಿದ. ಮೃತ್ಯುಂಜಯನೂ ಬಗ್ಗಿ ನೋಡತೊಡಗಿದ. ಈ ಹಳ್ಳಿ ಅವನಿಗೆ ಇನ್ನೂರಾ ಹದಿನೇಳನೆಯದು ಎಂದಷ್ಟೇ ಗೊತ್ತಿತ್ತು. ಒಂದು ಮಾಳಿಗೆಯ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಪಕ್ಕದಲ್ಲಿ ಕಾಗೆ ಓಡಿಸಲು ಒಂದು ಕೋಲು. ಯಾರು ಇಟ್ಟರು ಇದನ್ನು? ಅವನಂತೂ ಹೇಳಿರಲಿಲ್ಲ. ತನ್ನ ಆಟವನ್ನು ತಾನೇ ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿ ಅವನಿಗೆ ನಗು ಬಂತು.

ಫೋನು ಬಡಿದುಕೊಂಡಿತು. ಕಮಲಾಕ್ಷಿ.

"ಹೋತ ಯಾಕ ಹತ್ತತೈತಿ ಅಂತ ಸಿಕ್ತು ನೋಡು. ಹೇಳ್ಲೇನು?"

"ಬ್ಯಾಡ!" ಮಾತು ತಾನಾಗಿಯೇ ಬಾಯಿಂದ ಬಿದ್ದಿತ್ತು. "ಹೇಳಬ್ಯಾಡ. ತಿದ್ದೂದೂ ಬ್ಯಾಡ."

"ಏನಾಗೇತಿ ನಿನಗ? ಹೊತ್ತು ಮುಳುಗಾಕ ಬಂತು. ನಾಳೆ ಬಿಡೂದೋ ಬ್ಯಾಡೋ, ಅದನ್ನರ ಹೇಳು."

ಮೃತ್ಯುಂಜಯ ಫೋನಿಗೆ ಅಂಗೈ ಮುಚ್ಚಿದ.

"ಅಜ್ಜಾರ, ಬಿಡಲೇನ್ರಿ ಜನಕ್ಕ? ಕದ ತೆರಿಯೂದಿಲ್ಲ. ಮಂದಿ ಹೇಳಿದ್ದ ಹೇಳತಾರ. ಇಷ್ಟೆಲ್ಲಾ ತಪ್ಪು ಇಟ್ಕೊಂಡು ಹೆಂಗ ಬಿಡ್ಲಿ?"

ಹೋತ ಆ ಸಾಲಿನ ಕೊನೆಯ ಮಾಳಿಗೆಯ ಅಂಚಿಗೆ ಬಂದು ನಿಂತಿತ್ತು. ಮುಂದಿನ ಮಾಳಿಗೆಗೂ ಅದಕ್ಕೂ ನಡುವೆ ಅಗಲವಾದ ಓಣಿ. ಅದು ಕತ್ತು ಚಾಚಿ ಆಚೆಯ ಮಾಳಿಗೆಯನ್ನೊಮ್ಮೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿಯಿತು.

ಅಜ್ಜಾರು ಕಣ್ಣು ಎತ್ತಲಿಲ್ಲ.

"ತಡಿಯಪಾ," ಅಂದರು. "ಅದು ಹಾರತೈತೋ ಇಲ್ಲೋ ನೋಡೂಣು."