ಗೋವಾದಿಂದ ಬಂದ ಬುದ್ಧಿ

ಮದ್ದೂರಿನ ಆಚೆ ಒಂದು ಗಾರ್ಮೆಂಟ್ಸ್. ಅಲ್ಲಿ ನಲವತ್ತು ಹೆಂಗಸರ ಒಂದೊಂದು ಹೊಲಿಗೆ ಲೈನಿಗೂ ಒಂದೇ ಟೋಕನ್. ಅದು ಕೈಗೆ ಸಿಕ್ಕವಳು ಮಾತ್ರ ಟಾಯ್ಲೆಟ್ಟಿಗೆ ಹೋಗಬಹುದು. ಉಳಿದವರು ಹಲ್ಲುಕಚ್ಚಿಕೊಂಡು ಹೊಲಿಯಬೇಕು. ಈ ಪದ್ಧತಿ ತಂದ ಪುಣ್ಯಾತ್ಮರು ಎಚ್.ಆರ್. ಮ್ಯಾನೇಜರ್ ಸುದರ್ಶನ್.

ಸುದರ್ಶನ್ ಗೋವಾದ ಎಚ್.ಆರ್. ಸಮ್ಮೇಳನಕ್ಕೆ ಹೋಗಿ, ಸಮುದ್ರದ ಬಿಸಿಲಿಗೆ ಮುಖ ಸುಟ್ಟುಕೊಂಡು ಬಂದರು. ಬಂದವರೇ ಗುಮಾಸ್ತ ಬೋರಲಿಂಗಯ್ಯನ ಮೇಜಿನ ಮೇಲೆ ಖಾಲಿ ನೋಟ್‌ಪ್ಯಾಡು ಎಸೆದರು.

"ಅಲ್ಲಿ ಕಲಿತಿದ್ದನ್ನ ಎರಡು ಪುಟ ಬರೆದುಕೊಡ್ರೀ. ಮಧ್ಯಾಹ್ನ ಮಾಲೀಕರ ಮುಂದೆ ಓದಬೇಕು."

"ಹೋಗಿದ್ದು ನೀವಲ್ವಾ, ಸಾರ್?"

"ಬರೆಯೋ ಕೆಲಸ ನಿಮ್ಮದಲ್ವೇನ್ರೀ?"

ಬೋರಲಿಂಗಯ್ಯನಿಗೆ ಮೈ ಉರಿಯಿತು. ಕಪಾಟಿನ ತಳದಿಂದ ಒಂದು ಅರ್ಜಿ ತೆಗೆದ. ಹೊಲಿಗೆಯ ಹೆಂಗಸರು ಮೂರು ಸಲ ಕೊಟ್ಟು, ಸುದರ್ಶನ್ ಮೂರು ಸಲವೂ ಮೂಲೆಗೆಸೆದಿದ್ದ ಅರ್ಜಿ. ಅದನ್ನೇ 'ಸಮ್ಮೇಳನದ ಸಾರ' ಅಂತ ನೀಟಾಗಿ ಟೈಪು ಮಾಡಿಕೊಟ್ಟ.

ಸುದರ್ಶನ್ ಮೊದಲೊಮ್ಮೆ ಕಣ್ಣೂ ಆಡಿಸದೆ ಮಾಲೀಕರ ಮುಂದೆ ಗಟ್ಟಿಯಾಗಿ ಓದತೊಡಗಿದರು: "ಟೋಕನ್ ಪದ್ಧತಿ ನಾಚಿಕೆಗೇಡು. ಹೆಂಗಸರು ನೀರು ಕುಡಿಯೋದನ್ನೇ ಬಿಟ್ಟು ಕಾಯಿಲೆ ಬೀಳ್ತಿದ್ದಾರೆ..." ಇದು ತಾವೇ ಮೂಲೆಗೆಸೆದ ಅರ್ಜಿ ಅಂತ ಆಗ ಗೊತ್ತಾಯಿತು. ಆದರೆ ನಿಲ್ಲಿಸಿದರೆ, ಸಮ್ಮೇಳನದಲ್ಲಿ ಕೂತೇ ಇರಲಿಲ್ಲ ಅಂತ ಒಪ್ಪಿಕೊಂಡ ಹಾಗೆ. ಪೂರ್ತಿ ಓದಿದರು.

ಮಾಲೀಕರು ತಲೆದೂಗಿದರು. "ಇದಕ್ಕೇ ಕಣ್ರೀ ನಿಮ್ಮನ್ನ ಕಳಿಸೋದು! ಯಾರು ಹೇಳಿದ್ದು ಇದನ್ನ?"

ಸುದರ್ಶನ್ ಹಾಳೆ ತಿರುವಿ ಹೆಸರು ಹುಡುಕತೊಡಗಿದರು. ಬಾಗಿಲ ಬಳಿ ನಿಂತಿದ್ದ ಬೋರಲಿಂಗಯ್ಯ ಅಂದ: "ಪುಟ್ಟಮಾದಮ್ಮ ಅಂತ, ಸಾರ್. ಹದಿನಾಲ್ಕು ವರ್ಷದ ಅನುಭವ."

"ಹಾಗಾದ್ರೆ ಅವರನ್ನ ಇಲ್ಲಿಗೆ ಕರೆಸ್ರೀ, ಮಾತಾಡೋಣ."

"ನಮ್ಮ ಮೂರನೇ ಲೈನಲ್ಲೇ ಕೂತವ್ರೆ, ಸಾರ್. ಎದ್ದು ಬರೋಕೆ ಟೋಕನ್ ಸಿಗಬೇಕು."