ಬಸುರಿಯ ಗಂಡ, ಸಾಹೇಬರ ಜೀಪು

ತಾಲ್ಲೂಕು ಕಚೇರಿಯ ಜವಾನನಿಗೆ ಮುಂದಿನ ವಾರ ಎದೆಯ ಶಸ್ತ್ರಚಿಕಿತ್ಸೆ. ಮನೆಯಲ್ಲಿ ಹೆಂಡತಿ ಸಾಕಮ್ಮ ತುಂಬು ಬಸುರಿ. ಗುಡಿಯಲ್ಲಿ ತಾಳಿ ಕಟ್ಟಿದ ಆ ಮದುವೆಯನ್ನು ಅವನ ಅಣ್ಣಂದಿರು ಒಪ್ಪಿರಲಿಲ್ಲ. ತಾನು ಸತ್ತರೆ, ‘ಈ ಮಗು ನಮ್ಮ ತಮ್ಮನದಲ್ಲ’ ಎಂದು ಅವಳನ್ನು ಹೊರಹಾಕುತ್ತಾರೆ ಎಂಬ ಭಯಕ್ಕೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಮಗುವಿಗೆ ತಾನೇ ತಂದೆ ಎಂಬ ಪ್ರಮಾಣಪತ್ರ ಕೊಡಿ ಎಂದು ತಹಸೀಲ್ದಾರ್ ಪುಟ್ಟಸ್ವಾಮಯ್ಯನವರ ಕಾಲು ಹಿಡಿದ.

“ಹುಟ್ಟದ ಮಗುವಿಗೆ ಅಪ್ಪ ಎಲ್ಲಿಂದ ಬಂದನಯ್ಯ? ಮೊದಲು ಮಗು ತೋರಿಸು!” ಎಂದು ಅವರು ಗದರಿದರು.

ಮರುದಿನ ಆಯುಧಪೂಜೆ. ಸಾಹೇಬರ ಜೀಪಿನ ಮುಂದೆ ಬೂದುಗುಂಬಳಕಾಯಿ ಒಡೆಯಬೇಕು. ಜವಾನ ತಾನಾಗಿಯೇ ಮುಂದೆ ಬಂದು ಕಾಯಿಯನ್ನು ತಲೆಯ ಮೇಲೆತ್ತಿದ.

“ಲೋ, ನಿಲ್ಲಿಸೋ!” ತಹಸೀಲ್ದಾರರು ಬೆವತುಹೋದರು. “ಬಸುರಿ ಗಂಡ ಕುಂಬಳಕಾಯಿ ಒಡೀಬಾರದು ಕಣೋ! ಮಗುವಿಗೆ ಏನಾದರೂ ಆದರೆ ಪಾಪ ನನ್ನ ಜೀಪಿಗೆ ಸುತ್ತಿಕೊಳ್ಳುತ್ತೆ!”

“ಯಾವ ಮಗು ಸ್ವಾಮಿ? ಇನ್ನೂ ಹುಟ್ಟಿಲ್ಲವಲ್ಲ.”

“ಹೊಟ್ಟೇಲಿದೆಯಲ್ಲೋ! ಅದರಪ್ಪ ನೀನೇ ತಾನೆ?”

ಇಡೀ ಕಚೇರಿ ಕೇಳಿಸಿಕೊಂಡಿತು.

“ಆ ಮಾತನ್ನೇ ಬರೆದುಕೊಡಿ ಸ್ವಾಮಿ, ಕೆಳಗಿಡುತ್ತೇನೆ. ಬೇಗ, ಕೈ ಸೋಲುತ್ತಿದೆ.”

ತಹಸೀಲ್ದಾರರು ಜೀಪಿನ ಬಾನೆಟ್ಟಿನ ಮೇಲೆಯೇ ಬರೆದು, ಸಹಿ ಹಾಕಿ, ಸೀಲು ಒತ್ತಿಸಿದರು.

ಸಂಜೆ ಮನೆಯಲ್ಲಿ ಪತ್ರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸಾಕಮ್ಮ ಕೇಳಿದಳು: “ಅವರು ತಡೀದೇ ಇದ್ದಿದ್ದರೆ ಏನ್ರೀ ಮಾಡ್ತಿದ್ರಿ?”

“ನನ್ನ ಕಾಲ ಮೇಲೆ ಹಾಕಿಕೊಳ್ತಿದ್ದೆ ಕಣೆ. ಕಾಲು ಮುರೀತಿತ್ತು, ಕಾಯಿ ಒಡೀತಿರಲಿಲ್ಲ.”